ಟೆಸ್ಟ್ ತಲುಪದ ಕೋಡ್ ಹುಡುಕಲು ಯಾವ ದಾರಿ ಹಿಡಿಯಬೇಕು?

ಪ್ರಾಜೆಕ್ಟ್‌ನಲ್ಲಿ ಟೆಸ್ಟ್‌ಗಳಿವೆ. ಸಿಐ (ಕೋಡ್ ಬದಲಾದಾಗೆಲ್ಲ ಟೆಸ್ಟ್ ತಾನಾಗಿ ಓಡಿಸುವ ವ್ಯವಸ್ಥೆ) ಹಸಿರಾಗಿದೆ. ಆದರೂ ರಿಲೀಸ್ ಆದ ಮೇಲೆ ಬರುವ ಮೊದಲ ದೂರು ಯಾರೂ ಟೆಸ್ಟ್ ಮಾಡದ ಮೂಲೆಯದ್ದೇ ಆಗಿರುತ್ತದೆ. ಆ ಮೂಲೆ ಎಲ್ಲಿದೆ ಅಂತ ಮೊದಲೇ ತಿಳಿಯಲು ಹಲವು ದಾರಿಗಳಿವೆ. ಲೈನ್ ಕವರೇಜ್ (ಟೆಸ್ಟ್ ಮಾಡುವಾಗ ಎಷ್ಟು ಸಾಲು ಓಡಿದವು), ಬ್ರಾಂಚ್ ಕವರೇಜ್ (‘ಇಫ್’ನಂಥ ಕವಲಿನ ಎಷ್ಟು ದಾರಿ ಓಡಿದವು), ಹೊಸದಾಗಿ ಬರೆದ ಸಾಲುಗಳ ಕವರೇಜ್, ಮ್ಯುಟೇಶನ್ ಟೆಸ್ಟಿಂಗ್ (ಬೇಕೆಂದೇ ಕೋಡ್ ಕೆಡಿಸಿ ಟೆಸ್ಟ್ ಹಿಡಿಯುತ್ತದಾ ನೋಡುವುದು), ಕೋಡ್ ಎಷ್ಟು ಜಟಿಲ ಅನ್ನುವುದನ್ನೂ ಸೇರಿಸಿ ಕೊಡುವ ಕ್ರ್ಯಾಪ್ ಅಂಕ, ಪ್ರೊಡಕ್ಷನ್‌ನಲ್ಲೇ, ಅಂದರೆ ಜನ ನಿಜವಾಗಿ ಬಳಸುವಾಗಲೇ, ಅಳೆಯುವುದು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಕೆಲಸ ಮಾಡುವಂತೆ ಕಾಣುತ್ತವೆ. ನಿಜಕ್ಕೂ ಒಂದೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ನಿಮ್ಮ ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ಟೂಲ್ ಹಾಕಿಕೊಂಡರೆ ಸುಮ್ನೆ ಒಂದು ನಂಬರ್ ಸಿಗುತ್ತದೆ, ಅಷ್ಟೇ.

ಆತುರದಲ್ಲಿರುವವರಿಗೆ ನನ್ನ ಸಲಹೆ ಇದು. ಲೈನ್ ಬಿಟ್ಟು ಬ್ರಾಂಚ್ ಕವರೇಜ್ ಹಾಕಿ, ಟೆಸ್ಟ್‌ಗಳು ಮುಟ್ಟದೇ ಇರುವ ಫೈಲ್‌ಗಳನ್ನೂ ಲೆಕ್ಕಕ್ಕೆ ಸೇರಿಸಿ. ಪಿಆರ್‌ಗಳಲ್ಲಿ (ಸೇರಿಸುವ ಮೊದಲು ರಿವ್ಯೂಗೆ ಕಳಿಸುವ ಬದಲಾವಣೆಗಳಲ್ಲಿ) ಹೊಸ ಸಾಲುಗಳ ಕವರೇಜ್ ನೋಡಿ. ದುಡ್ಡು, ಲಾಗಿನ್, ಅನುಮತಿ ಇಂಥ ನಾಲ್ಕೈದು ಫೈಲ್‌ಗಳ ಮೇಲೆ ಮಾತ್ರ ಮ್ಯುಟೇಶನ್ ಓಡಿಸಿ. ಯಾಕೆ ಅನ್ನುವುದನ್ನು ಒಂದು ಚಿಕ್ಕ ಉದಾಹರಣೆಯಲ್ಲೇ ನೋಡಬಹುದು.

ನಾಲ್ಕು ಸಾಲಿನ ಫಂಕ್ಷನ್

ಬಸ್ ಟಿಕೆಟ್ ರದ್ದು ಮಾಡಿದಾಗ ಎಷ್ಟು ದುಡ್ಡು ವಾಪಸ್ ಕೊಡಬೇಕು ಅಂತ ಲೆಕ್ಕ ಹಾಕುವ ಒಂದು ಪೈಥಾನ್ ಫಂಕ್ಷನ್ ಇದೆ ಅಂದುಕೊಳ್ಳಿ. ಮೊದಲ ಸಾಲಿನಲ್ಲಿ ಫಂಕ್ಷನ್ ಹೆಸರು. ಅದಕ್ಕೆ ಟಿಕೆಟ್ ದರ ಮತ್ತು ಬಸ್ ಹೊರಡಲು ಉಳಿದ ಗಂಟೆಗಳನ್ನು ಕೊಡುತ್ತೇವೆ. ಎರಡನೇ ಸಾಲು, ಉಳಿದಿರುವುದು 24 ಗಂಟೆಗಿಂತ ಕಡಿಮೆಯಾ ಅಂತ ಕೇಳುತ್ತದೆ. ಹೌದಾದರೆ ಮೂರನೇ ಸಾಲಿನಲ್ಲಿ ಕಡಿತ 0.5 ಆಗುತ್ತದೆ. ನಾಲ್ಕನೇ ಸಾಲು ದರದಲ್ಲಿ ಕಡಿತದ ಮೊತ್ತ ಕಳೆದು ಉಳಿದದ್ದನ್ನು ವಾಪಸ್ ಕೊಡುತ್ತದೆ.

ಇದಕ್ಕೆ ಇರುವುದು ಒಂದೇ ಟೆಸ್ಟ್: 400 ರೂಪಾಯಿ ಟಿಕೆಟ್, 10 ಗಂಟೆ ಬಾಕಿ, 200 ರೂಪಾಯಿ ಬರಬೇಕು. ಬರುತ್ತದೆ. ನಾಲ್ಕೂ ಸಾಲು ಓಡಿದವು. ಲೈನ್ ಕವರೇಜ್ ಶೇ 100.

ಈಗ 30 ಗಂಟೆ ಮೊದಲೇ ರದ್ದು ಮಾಡಿದವರ ಕಥೆ ನೋಡಿ. ಮೂರನೇ ಸಾಲು ಓಡುವುದೇ ಇಲ್ಲ. ಹಾಗಾಗಿ ಕಡಿತ ಎಷ್ಟು ಅಂತ ಎಲ್ಲೂ ಹೇಳಿದಂತಾಗಲಿಲ್ಲ. ನಾಲ್ಕನೇ ಸಾಲಿಗೆ ಬಂದ ಕೂಡಲೇ ಪೈಥಾನ್ ‘ಅನ್‌ಬೌಂಡ್ ಲೋಕಲ್ ಎರರ್’ ಕೊಟ್ಟು ನಿಲ್ಲುತ್ತದೆ. ಪೂರ್ತಿ ದುಡ್ಡು ಸಿಗಬೇಕಾದವರಿಗೇ ಎರರ್ ಪೇಜ್! ಕವರೇಜ್ ವರದಿಯಲ್ಲಿ ಓಡದ ಸಾಲು ಕೆಂಪು, ಓಡಿದ್ದು ಹಸಿರು. ಇಲ್ಲಿ ಮಾತ್ರ ಒಂದು ಸಾಲೂ ಕೆಂಪಿಲ್ಲ.

ಪೈಥಾನ್‌ನ ಕವರೇಜ್ ಟೂಲ್ ಕವರೇಜ್.ಪೈಗೆ ಬ್ರಾಂಚ್ ಆಯ್ಕೆ ಕೊಟ್ಟು ಅದೇ ಟೆಸ್ಟ್ ಮತ್ತೆ ಓಡಿಸಿ. ವರದಿಯ ಕೊನೆಯ ಕಾಲಮ್‌ನಲ್ಲಿ ‘2->4’ ಅಂತ ಬರುತ್ತದೆ. ಅಂದರೆ ಎರಡನೇ ಸಾಲಿನಿಂದ ನೇರ ನಾಲ್ಕಕ್ಕೆ ಹಾರುವ ದಾರಿಯಲ್ಲಿ ಯಾವ ಟೆಸ್ಟೂ ಹೋಗಿಲ್ಲ. ಬಗ್ ಕೂತಿರುವುದು ಸರಿಯಾಗಿ ಅಲ್ಲೇ.

ಸರಿ, ಮೇಲೆ ‘ಕಡಿತ 0’ ಅಂತ ಒಂದು ಸಾಲು ಸೇರಿಸಿದಿರಿ. 30 ಗಂಟೆಗೆ 400 ಪೂರ್ತಿ ಬರಬೇಕು ಅಂತ ಎರಡನೇ ಟೆಸ್ಟ್ ಬರೆದಿರಿ. ಈಗ ಲೈನ್, ಬ್ರಾಂಚ್ ಎರಡೂ ಶೇ 100. ಮುಗಿಯಿತಾ? ಮ್ಯುಟೇಶನ್ ಟೂಲ್ ಬಂದು ‘24ಕ್ಕಿಂತ ಕಡಿಮೆ’ ಅನ್ನುವುದನ್ನು ‘24 ಅಥವಾ ಅದಕ್ಕಿಂತ ಕಡಿಮೆ’ ಅಂತ ಬದಲಿಸಿ ಟೆಸ್ಟ್ ಓಡಿಸುತ್ತದೆ. 10ಕ್ಕೂ ಪಾಸ್, 30ಕ್ಕೂ ಪಾಸ್. ಕೋಡ್ ಬದಲಾದರೂ ಯಾವ ಟೆಸ್ಟೂ ಕೂಗಲಿಲ್ಲ. ಸರಿಯಾಗಿ 24 ಗಂಟೆ ಬಾಕಿ ಇದ್ದಾಗ ಅರ್ಧ ಕೊಡಬೇಕಾ, ಪೂರ್ತಿ ಕೊಡಬೇಕಾ? ಅದನ್ನು ಯಾರೂ ಕೇಳಿಯೇ ಇಲ್ಲ. ಕೌಂಟರ್‌ನಲ್ಲಿ ಜಗಳ ಆಗುವುದು ಇಂಥ ಗಡಿಯಲ್ಲೇ, ಅಲ್ವಾ?

ಇನ್ನೂ ಒಂದು ಆಟ ಆಡಿ ನೋಡಿ. ಎರಡೂ ಟೆಸ್ಟ್‌ಗಳಲ್ಲಿ ‘200 ಬರಬೇಕು’, ‘400 ಬರಬೇಕು’ ಅನ್ನುವುದನ್ನು ತೆಗೆದು ‘ಏನಾದರೂ ಬಂದರೆ ಸಾಕು’ ಅಂತ ಹಾಕಿ. ಲೈನ್ ಶೇ 100, ಬ್ರಾಂಚ್ ಶೇ 100. ಒಂದು ಪಾಯಿಂಟ್ ಕೂಡ ಇಳಿಯುವುದಿಲ್ಲ. ಕವರೇಜ್ ಅನ್ನುವುದು ಹಾಜರಿ ಪುಸ್ತಕ ಇದ್ದ ಹಾಗೆ: ಬಂದಿಲ್ಲ ಅಂತ ಬರೆದಿದ್ದರೆ ನಂಬಿ, ಬಂದಿದ್ದಾರೆ ಅಂತ ಬರೆದಿದ್ದರೆ ಪಾಠ ತಲೆಗೆ ಹೋಗಿದೆ ಅಂದುಕೊಳ್ಳಬೇಡಿ. ಟೂಲ್ ಆಯ್ಕೆ ಮಾಡುವಾಗ ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದು ಇದನ್ನೇ. ಕೆಂಪು ಸಾಲು ಹೆಚ್ಚುಕಡಿಮೆ ಖಚಿತ ಸುದ್ದಿ. ಹಸಿರು ಸಾಲು ಅರ್ಧ ಸುದ್ದಿ.

ಲೈನ್ ಸಾಕಾ, ಬ್ರಾಂಚ್ ಬೇಕಾ?

ಲೈನ್ ಕವರೇಜ್ ನಿಷ್ಪ್ರಯೋಜಕ ಅಂತ ಹೇಳುತ್ತಿಲ್ಲ. 2014ರ ಫೆಬ್ರವರಿಯಲ್ಲಿ ಆಪಲ್ ಐಒಎಸ್ 7.0.6 ಅನ್ನು ಅವಸರದಲ್ಲಿ ಬಿಟ್ಟಿದ್ದು ನೆನಪಿರಬಹುದು. ಸುರಕ್ಷಿತ ಸಂಪರ್ಕ ನೋಡಿಕೊಳ್ಳುವ ಎಸ್‌ಎಸ್‌ಎಲ್ ಕೋಡ್‌ನಲ್ಲಿ ‘ಗೋಟು ಫೇಲ್’ (ನಡುವಿನದ್ದು ಬಿಟ್ಟು ನೇರ ಕೊನೆಗೆ ಹಾರು) ಅನ್ನುವ ಸಾಲು ಒಂದರ ಕೆಳಗೊಂದು ಎರಡು ಸಲ ಬಿದ್ದಿತ್ತು. ಎರಡನೆಯದು ಯಾವ ‘ಇಫ್’ ಕೆಳಗೂ ಬರುತ್ತಿರಲಿಲ್ಲ. ಹಾಗಾಗಿ ಅದರ ಕೆಳಗಿದ್ದ ಸರ್ವರ್ ಸಹಿ ಪರಿಶೀಲಿಸುವ ಸಾಲುಗಳು ಯಾವತ್ತೂ ಓಡುತ್ತಲೇ ಇರಲಿಲ್ಲ. ಆ ಫೈಲ್‌ಗೆ ಟೆಸ್ಟ್ ಬರೆದು ಅತ್ಯಂತ ಸರಳ ಲೈನ್ ಕವರೇಜ್ ತೆಗೆದಿದ್ದರೂ ಅಷ್ಟೂ ಸಾಲು ಕೆಂಪಾಗಿ ಕಾಣುತ್ತಿತ್ತು.

ಆದರೂ ಬ್ರಾಂಚ್ ಸಿಗುವ ಕಡೆ ಲೈನ್‌ನಲ್ಲೇ ನಿಲ್ಲಲು ಕಾರಣ ಇಲ್ಲ. ಪೈಥಾನ್‌ನಲ್ಲಿ ಅದು ಒಂದು ಆಯ್ಕೆ ಹಾಕುವಷ್ಟು ಕೆಲಸ. ಜಾವಾದಲ್ಲಿ ಜಾಕೋಕೊ ಕೇಳದೆಯೇ ಕೊಡುತ್ತದೆ. ಅರ್ಧ ಓಡಿದ ‘ಇಫ್’ ಪಕ್ಕ ಹಳದಿ ಡೈಮಂಡ್ ಕಾಣುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಇಸ್ತಾಂಬುಲ್ ಕೊಡುತ್ತದೆ, ಟೆಸ್ಟ್ ಓಡಿಸುವ ಟೂಲ್ ಜೆಸ್ಟ್ ಒಳಗೆ ಇರುವುದೂ ಮಾಮೂಲಾಗಿ ಅದೇ. ಸಿ, ಸಿ++ ಬರೆಯುವವರಿಗೆ ಜಿಸಿಸಿ ಕಂಪೈಲರ್ ಜೊತೆಗೇ ಬರುವ ಜಿಕವ್ ಇದೆ. ಓಡದ ಸಾಲಿನ ಮುಂದೆ ##### ಅಂತ ಐದು ಹ್ಯಾಶ್ ಹಾಕುತ್ತದೆ. ಆಪ್ಟಿಮೈಸೇಶನ್ ಆಫ್ ಮಾಡಿ ಬಿಲ್ಡ್ ಮಾಡಿ, ಇಲ್ಲದಿದ್ದರೆ ಸಾಲುಗಳ ಲೆಕ್ಕ ಅಡ್ಡಾದಿಡ್ಡಿ ಬರುತ್ತದೆ. ಗೋ ಭಾಷೆಯವರಿಗೆ ಮಾತ್ರ ಸ್ವಲ್ಪ ಬೇಜಾರಿನ ಸುದ್ದಿ. ಅದರ ಜೊತೆಗೆ ಬರುವ ಕವರ್ ಟೂಲ್ ಸ್ಟೇಟ್‌ಮೆಂಟ್ ಮಟ್ಟದಲ್ಲೇ ನಿಲ್ಲುತ್ತದೆ. ‘ಎಲ್ಸ್’ ಇಲ್ಲದ ‘ಇಫ್’ ಸುಳ್ಳಾದ ದಾರಿಯನ್ನು ಅದು ತೋರಿಸುವುದಿಲ್ಲ.

ಇದಕ್ಕೂ ಮೇಲಿನ ಮೆಟ್ಟಿಲು ಎಂಸಿ/ಡಿಸಿ. ‘ಎ ಮತ್ತು ಬಿ, ಅಥವಾ ಸಿ’ ಅಂತ ಒಂದು ಷರತ್ತು ಇದ್ದರೆ, ಅದರ ಪ್ರತಿ ತುಂಡೂ ತಾನೊಂದೇ ಬದಲಾದಾಗ ಇಡೀ ಷರತ್ತಿನ ಫಲಿತಾಂಶ ಬದಲಾಗುತ್ತದೆ ಅಂತ ಟೆಸ್ಟ್‌ನಿಂದ ತೋರಿಸಬೇಕು. ವಿಮಾನದ ಸಾಫ್ಟ್‌ವೇರ್‌ಗೆ ಅನ್ವಯಿಸುವ ಡಿಒ-178ಸಿ ಪ್ರಕಾರ, ಕೆಟ್ಟರೆ ವಿಮಾನಕ್ಕೇ ಅಪಾಯ ಆಗುವ ಲೆವೆಲ್ ಎ ಕೋಡ್‌ಗೆ ಇದು ಕಡ್ಡಾಯ. ಲೆವೆಲ್ ಬಿಗೆ ಡಿಸಿಷನ್ ಕವರೇಜ್ (ಇಡೀ ಷರತ್ತು ನಿಜ, ಸುಳ್ಳು ಎರಡೂ ಆಗಬೇಕು), ಲೆವೆಲ್ ಸಿಗೆ ಸ್ಟೇಟ್‌ಮೆಂಟ್ ಸಾಕು. ಬೆಂಗಳೂರಿನಲ್ಲಿ ಏವಿಯಾನಿಕ್ಸ್ ಕೆಲಸ ಮಾಡುವವರಿಗೆ ಇದು ದಿನದ ಮಾತು. ಹಿಂದೆ ಇದಕ್ಕೆ ದುಬಾರಿ ಟೂಲ್‌ಗಳೇ ಬೇಕಿತ್ತು. ಈಗ ಎಲ್‌ಎಲ್‌ವಿಎಂ 18 ಮತ್ತು ಜಿಸಿಸಿ 14ರಿಂದ ಕಂಪೈಲರ್‌ಗಳಲ್ಲೇ ಸಿಗುತ್ತದೆ. ಮಾಮೂಲಿ ವೆಬ್ ಆ್ಯಪ್‌ಗೆ ಇದರ ಗೊಡವೆ ಬೇಡ.

ವರದಿ ಸುಳ್ಳು ಹೇಳುವ ಜಾಗಗಳು

ಟೂಲ್ ಆಯ್ಕೆಗಿಂತ ಜಾಸ್ತಿ ಜನ ಎಡವುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಮೊದಲನೆಯದು, ಪಟ್ಟಿಯಲ್ಲೇ ಇಲ್ಲದ ಫೈಲ್. ಕವರೇಜ್.ಪೈಗೆ ‘ಸೋರ್ಸ್’ ಯಾವುದು ಅಂತ ಹೇಳದಿದ್ದರೆ, ಟೆಸ್ಟ್ ಓಡುವಾಗ ಇಂಪೋರ್ಟ್ ಆದ ಫೈಲ್‌ಗಳನ್ನಷ್ಟೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಯಾವ ಟೆಸ್ಟೂ ಮುಟ್ಟದ ಇಡೀ ಫೈಲ್ ವರದಿಯಿಂದಲೇ ಮಾಯ. ನಾವು ಹುಡುಕುತ್ತಿರುವುದೇ ಅದನ್ನು! ಜೆಸ್ಟ್‌ನಲ್ಲೂ ಹೀಗೇ, ‘ಕಲೆಕ್ಟ್ ಕವರೇಜ್ ಫ್ರಮ್’ ಸೆಟ್ಟಿಂಗ್ ಕೊಡಬೇಕು. ಗೋನಲ್ಲಿ ಟೆಸ್ಟ್ ಫೈಲ್ ಇಲ್ಲದ ಪ್ಯಾಕೇಜ್‌ಗಳನ್ನು ಶೇ 0 ಅಂತ ತೋರಿಸಲು ಶುರುವಾಗಿದ್ದೇ 1.22 ಆವೃತ್ತಿಯಿಂದ. ಈ ಸೆಟ್ಟಿಂಗ್ ಸರಿಮಾಡಿದ ದಿನ ನಿಮ್ಮ ಶೇಕಡಾವಾರು ಧಡಕ್ಕನೆ ಬೀಳುತ್ತದೆ. ಮ್ಯಾನೇಜರ್‌ಗೆ ಮೊದಲೇ ಹೇಳಿಟ್ಟಿರಿ.

ಎರಡನೆಯದು ಉಲ್ಟಾ: ಓಡಿದ್ದರೂ ಓಡಿಲ್ಲ ಅನ್ನುವುದು. ಗೋನಲ್ಲಿ ಒಂದು ಪ್ಯಾಕೇಜ್‌ನ ಟೆಸ್ಟ್ ಬೇರೆ ಪ್ಯಾಕೇಜ್‌ನ ಕೋಡ್ ಓಡಿಸಿದರೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ‘ಕವರ್‌ಪಿಕೆಜಿ’ ಆಯ್ಕೆ ಕೊಡಬೇಕು. ಜಾಕೋಕೊದಲ್ಲಿ ಎಕ್ಸೆಪ್ಶನ್ ಎಸೆದ ಸಾಲು ಓಡಿದ್ದರೂ ಕೆಂಪಾಗಿಯೇ ಉಳಿಯಬಹುದು. ಅದು ಬೈಟ್‌ಕೋಡ್‌ನಲ್ಲಿ ಅಲ್ಲಲ್ಲಿ ಪ್ರೋಬ್ (ಇಲ್ಲಿವರೆಗೆ ಬಂತು ಅಂತ ಗುರುತು ಹಾಕುವ ತುಂಡು) ಇಟ್ಟು ಎಣಿಸುತ್ತದೆ. ಎಕ್ಸೆಪ್ಶನ್ ಬಂದರೆ ಮುಂದಿನ ಪ್ರೋಬ್ ತಲುಪುವ ಮೊದಲೇ ಹೊರಗೆ ಹಾರಿರುತ್ತದೆ. ಟೆಸ್ಟ್‌ಗೆ ನಕಲಿ ಕ್ಲಾಸ್ ಕೊಡುವ ಪವರ್‌ಮಾಕ್ ಜೊತೆ ಬಳಸಿದಾಗ ಕ್ಲಾಸ್ ಪೂರ್ತಿ ಶೇ 0 ಬರುವುದು ಜಾವಾದವರಿಗೆ ಹಳೇ ತಲೆನೋವು. ಪೈಥಾನ್‌ನಲ್ಲಿ ಸಬ್‌ಪ್ರೊಸೆಸ್‌ಗಳಲ್ಲಿ ಓಡಿದ ಕೋಡ್‌ಗೆ ಬೇರೆ ಸೆಟ್ಟಿಂಗ್ ಮಾಡಿ, ಆಮೇಲೆ ಡೇಟಾ ಫೈಲ್‌ಗಳನ್ನು ‘ಕಂಬೈನ್’ ಮಾಡಬೇಕು.

ಮೂರನೆಯದು, ಅಕಸ್ಮಾತ್ ಹಸಿರಾದ ಸಾಲು. ಒಂದು ದೊಡ್ಡ ಎಂಡ್-ಟು-ಎಂಡ್ ಟೆಸ್ಟ್ ಲಾಗಿನ್‌ನಿಂದ ಪೇಮೆಂಟ್‌ವರೆಗೆ ಓಡಿ ಸಾವಿರಾರು ಸಾಲುಗಳನ್ನು ಹಸಿರು ಮಾಡುತ್ತದೆ. ಕೊನೆಯಲ್ಲಿ ಪರೀಕ್ಷಿಸುವುದು ‘ಧನ್ಯವಾದ’ ಪೇಜ್ ಬಂತಾ ಅಂತ ಮಾತ್ರ. ಇದನ್ನು ಹಿಡಿಯಲು ಕವರೇಜ್.ಪೈನಲ್ಲಿ ‘ಕಾಂಟೆಕ್ಸ್ಟ್’ ಸೌಲಭ್ಯ ಇದೆ. ಎಚ್‌ಟಿಎಂಎಲ್ ವರದಿಯಲ್ಲಿ ಪ್ರತಿ ಸಾಲಿನ ಪಕ್ಕ ಯಾವ ಯಾವ ಟೆಸ್ಟ್ ಅದನ್ನು ಓಡಿಸಿತು ಅಂತ ಬರುತ್ತದೆ. ಮುಖ್ಯವಾದ ಸಾಲಿನ ಪಕ್ಕ ಅದೊಂದೇ ದೊಡ್ಡ ಟೆಸ್ಟ್ ಇದ್ದರೆ, ಅದನ್ನು ಟೆಸ್ಟ್ ಇಲ್ಲದ ಸಾಲು ಅಂತಲೇ ಲೆಕ್ಕ ಹಾಕಿ. ನನ್ನ ಮಟ್ಟಿಗೆ ಯುನಿಟ್ ಟೆಸ್ಟ್‌ಗಳ ಕವರೇಜ್ ಬೇರೆ, ಎಂಡ್-ಟು-ಎಂಡ್ ಕವರೇಜ್ ಬೇರೆ ತೆಗೆದು ನೋಡುವುದೇ ಲೇಸು.

ಹೊಸ ಸಾಲುಗಳನ್ನು ಮಾತ್ರ ನೋಡುವುದು

ಹತ್ತು ವರ್ಷದ ಕೋಡ್, ಶೇ 22 ಕವರೇಜ್. ಇಂಥ ಪ್ರಾಜೆಕ್ಟ್‌ಗೆ ‘ಮುಂದಿನ ತಿಂಗಳು ಶೇ 80 ಬೇಕು’ ಅಂದರೆ ಟೀಮ್ ಏನು ಮಾಡುತ್ತದೆ ಗೊತ್ತಲ್ಲ. ಗೆಟರ್, ಸೆಟರ್‌ಗಳಂಥ ಒಂದೆರಡು ಸಾಲಿನ ಸುಲಭ ಫಂಕ್ಷನ್‌ಗಳಿಗೆಲ್ಲ ಟೆಸ್ಟ್ ಬರೆದು ನಂಬರ್ ತಂದಿಡುತ್ತದೆ. ಕಷ್ಟದ ಕೋಡ್ ಹಾಗೇ ಕೆಂಪಾಗಿ ಕೂತಿರುತ್ತದೆ.

ಇಲ್ಲಿ ಡಿಫ್ ಕವರೇಜ್ ಚೆನ್ನಾಗಿ ಹೊಂದುತ್ತದೆ. ಈ ಪಿಆರ್‌ನಲ್ಲಿ ಬದಲಾದ ಸಾಲುಗಳಲ್ಲಿ ಎಷ್ಟು ಓಡಿವೆ ಅನ್ನುವುದಷ್ಟೇ ಪ್ರಶ್ನೆ. ಡಿಫ್-ಕವರ್ ಅನ್ನುವ ಚಿಕ್ಕ ಟೂಲ್ ಕವರೇಜ್ ವರದಿ ಮತ್ತು ಗಿಟ್ ಡಿಫ್ ಎರಡನ್ನೂ ಹೋಲಿಸಿ ಹೇಳುತ್ತದೆ. ಅದಕ್ಕೆ ಸರ್ವರ್ ಬೇಡ, ಖಾತೆ ಬೇಡ. ಕೋಡ್‌ಕವ್ ಅನ್ನುವ ಆನ್‌ಲೈನ್ ಸೇವೆ ಇದನ್ನು ‘ಪ್ಯಾಚ್ ಕವರೇಜ್’ ಅಂತ ಪಿಆರ್ ಮೇಲೆಯೇ ತೋರಿಸುತ್ತದೆ. ಕೋಡ್ ಗುಣಮಟ್ಟ ನೋಡುವ ಸೋನಾರ್‌ಕ್ಯೂಬ್‌ನ ಮಾಮೂಲಿ ಕ್ವಾಲಿಟಿ ಗೇಟ್ (ಪಾಸ್, ಫೇಲ್ ತೀರ್ಮಾನಿಸುವ ಷರತ್ತು) ಕೂಡ ನೋಡುವುದು ಹೊಸ ಕೋಡ್‌ನ ಕವರೇಜನ್ನೇ. ಅದರ ಗಡಿ ಶೇ 80. ಕೋಡ್ ಹೊರಗಿನ ಸೇವೆಗೆ ಕಳಿಸಲು ಕ್ಲೈಂಟ್ ಒಪ್ಪದಿದ್ದರೆ ಡಿಫ್-ಕವರ್ ಹಿಡಿಯಿರಿ. ಆಫೀಸಿನಲ್ಲಿ ಸೋನಾರ್‌ಕ್ಯೂಬ್ ಆಗಲೇ ಓಡುತ್ತಿದ್ದರೆ ಮತ್ತೊಂದು ತಂದು ಹಾಕಬೇಡಿ.

ಇದರ ಕುರುಡು ಜಾಗ ಒಂದಿದೆ. ನೀವು ಒಂದು ಫಂಕ್ಷನ್ ಬದಲಿಸಿದಿರಿ, ಅದಕ್ಕೆ ಟೆಸ್ಟೂ ಬರೆದಿರಿ. ಅದನ್ನು ಕರೆಯುವ ಹಳೆಯ ಹತ್ತು ಜಾಗಗಳಿಗೆ ಟೆಸ್ಟ್ ಇಲ್ಲ. ಡಿಫ್‌ನಲ್ಲಿ ಆ ಜಾಗಗಳೇ ಇಲ್ಲದ ಕಾರಣ ಗೇಟ್ ಹಸಿರು.

ಮ್ಯುಟೇಶನ್: ಬೆಲೆ ಜಾಸ್ತಿ, ಸುದ್ದಿಯೂ ಜಾಸ್ತಿ

ಕಲ್ಪನೆ ಹಳೆಯದು. ರಿಚರ್ಡ್ ಲಿಪ್ಟನ್ 1971ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ್ದು. ಬೇಕೆಂದೇ ಕೋಡ್ ಕೆಡಿಸು, ಟೆಸ್ಟ್ ಹಿಡಿಯುತ್ತದಾ ನೋಡು. ಹಿಡಿದರೆ ಆ ಮ್ಯುಟಂಟ್ ಸತ್ತಿತು, ಹಿಡಿಯದಿದ್ದರೆ ಬದುಕಿತು. ಬದುಕಿದ ಜಾಗದಲ್ಲಿ ಕೋಡ್ ಓಡಿದೆ, ಆದರೆ ಯಾರೂ ಪರೀಕ್ಷಿಸಿಲ್ಲ.

ಇಷ್ಟು ವರ್ಷ ಇದು ಆಫೀಸುಗಳಿಗೆ ಬರದೇ ಇದ್ದದ್ದು ಸಮಯದ ಕಾರಣಕ್ಕೆ. ಲೆಕ್ಕ ಹಾಕಿ ನೋಡಿ: ಟೆಸ್ಟ್‌ಗಳೆಲ್ಲ ಓಡಲು 2 ನಿಮಿಷ, ಮ್ಯುಟಂಟ್‌ಗಳು 1,000. ಸುಮ್ನೆ ಒಂದೊಂದಾಗಿ ಓಡಿಸಿದರೆ 33 ಗಂಟೆ ದಾಟುತ್ತದೆ. ಜಾವಾದ ಪಿಟ್ ಮೊದಲು ಕವರೇಜ್ ತೆಗೆದು, ಆ ಸಾಲನ್ನು ಮುಟ್ಟುವ ಟೆಸ್ಟ್‌ಗಳನ್ನು ಮಾತ್ರ ಓಡಿಸುವುದರಿಂದ ತುಂಬಾ ಉಳಿಯುತ್ತದೆ. ಜಾವಾಸ್ಕ್ರಿಪ್ಟ್, ಸಿ ಶಾರ್ಪ್, ಸ್ಕಾಲಾಗೆ ಸ್ಟ್ರೈಕರ್ ಇದೆ. ಪೈಥಾನ್‌ಗೆ ಮ್ಯುಟ್‌ಮಟ್, ವಿಂಡೋಸ್‌ನಲ್ಲಿ ನೇರ ಓಡುವುದಿಲ್ಲ, ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗಿನ ಲಿನಕ್ಸ್) ಒಳಗೆ ಓಡಿಸಬೇಕು. ರಸ್ಟ್‌ಗೆ ಕಾರ್ಗೋ-ಮ್ಯುಟಂಟ್ಸ್. ಇವುಗಳಲ್ಲಿ ಪಿಟ್ ಮತ್ತು ಸ್ಟ್ರೈಕರ್ ಕಂಪನಿ ಕೆಲಸಕ್ಕೆ ಧೈರ್ಯವಾಗಿ ತರಬಹುದಾದಷ್ಟು ಪಕ್ವ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಕಿರಿಕಿರಿ, ಅರ್ಥ ಬದಲಾಗದ ಮ್ಯುಟಂಟ್. ಕೋಡ್ ಬದಲಾಯಿತು, ನಡವಳಿಕೆ ಅದೇ. ಇದನ್ನು ಯಾವ ಟೆಸ್ಟೂ ಕೊಲ್ಲಲಾರದು, ಮನುಷ್ಯರೇ ನೋಡಿ ಬಿಡಬೇಕು. ಹಾಗಾಗಿ ಶೇ 100 ಮ್ಯುಟೇಶನ್ ಅಂಕದ ಆಸೆ ಬೇಡ. ಗೂಗಲ್‌ನಲ್ಲಿ ಇಡೀ ಕೋಡ್‌ಗೆ ಅಂಕ ಕೊಡುವ ಬದಲು, ರಿವ್ಯೂಗೆ ಬಂದ ಬದಲಾವಣೆಯ ಸಾಲುಗಳ ಮೇಲೆ ಕೆಲವೇ ಮ್ಯುಟಂಟ್‌ಗಳನ್ನು ಕಾಮೆಂಟ್ ರೂಪದಲ್ಲಿ ತೋರಿಸುವ ದಾರಿ ಹಿಡಿದರು. ಚಿಕ್ಕ ಟೀಮ್‌ಗೂ ಈ ದಾರಿಯೇ ಸರಿ.

ಪೂರ್ತಿ ಮ್ಯುಟೇಶನ್ ಭಾರ ಅನಿಸಿದರೆ ಅಗ್ಗದ ತಮ್ಮ ಒಬ್ಬನಿದ್ದಾನೆ. ಡೆಕಾರ್ಟ್ ಅನ್ನುವ ಪಿಟ್ ಪ್ಲಗಿನ್ ಚಿಕ್ಕ ಚಿಕ್ಕ ಬದಲಾವಣೆ ಮಾಡುವುದಿಲ್ಲ. ಇಡೀ ಮೆಥಡ್‌ನ ಹೊಟ್ಟೆಯನ್ನೇ ಖಾಲಿ ಮಾಡಿ ಟೆಸ್ಟ್ ಓಡಿಸುತ್ತದೆ. ಒಳಗೆ ಏನೂ ಇಲ್ಲದಿದ್ದರೂ ಟೆಸ್ಟ್ ಪಾಸ್ ಆಗುವ ಮೆಥಡ್‌ಗಳ ಪಟ್ಟಿ ಕೈಗೆ ಸಿಗುತ್ತದೆ. ಟೂಲ್ ಇಲ್ಲದೆಯೂ ಇದನ್ನು ಮಾಡಬಹುದು: ಅನುಮಾನ ಇರುವ ಫಂಕ್ಷನ್‌ನ ಒಳಭಾಗ ಕಾಮೆಂಟ್ ಮಾಡಿ, ಟೆಸ್ಟ್ ಓಡಿಸಿ. ಹಸಿರೇ ಬಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು.

ಎಲ್ಲಿಂದ ಶುರು ಮಾಡಬೇಕು?

ದೊಡ್ಡ ಹಳೆಯ ಕೋಡ್‌ನಲ್ಲಿ ಕೆಂಪು ಸಾಲುಗಳು ಸಾವಿರಗಟ್ಟಲೆ ಇರುತ್ತವೆ. ಯಾವುದನ್ನು ಮೊದಲು ನೋಡಬೇಕು ಅಂತ ತೀರ್ಮಾನಿಸಲು ಕ್ರ್ಯಾಪ್ ಅಂಕ ಉಪಯೋಗಕ್ಕೆ ಬರುತ್ತದೆ. ಆಲ್ಬರ್ಟೋ ಸಾವೋಯಾ ಮತ್ತು ಬಾಬ್ ಎವಾನ್ಸ್ 2007ರಲ್ಲಿ ಕೊಟ್ಟದ್ದು. ಫಂಕ್ಷನ್‌ನ ಸೈಕ್ಲೊಮ್ಯಾಟಿಕ್ ಜಟಿಲತೆಯ (ಒಳಗೆ ಎಷ್ಟು ಸ್ವತಂತ್ರ ದಾರಿಗಳಿವೆ ಅನ್ನುವ ಎಣಿಕೆಯ) ವರ್ಗವನ್ನು, ಕವರ್ ಆಗದ ಭಾಗದ ಘನದಿಂದ ಗುಣಿಸಿ, ಜಟಿಲತೆಯನ್ನು ಮತ್ತೆ ಕೂಡಿಸುವುದು. ಜಟಿಲತೆ 10, ಟೆಸ್ಟ್ ಸೊನ್ನೆ ಅಂದರೆ ಅಂಕ 110. ಅದೇ ಫಂಕ್ಷನ್‌ಗೆ ಶೇ 50 ಕವರೇಜ್ ಬಂದರೆ 22.5. ಗಡಿ 30, ಅದಕ್ಕಿಂತ ಮೇಲಿದ್ದರೆ ಅಪಾಯ. ಅಂದರೆ ಜಟಿಲ ಫಂಕ್ಷನ್‌ಗೆ ಅರ್ಧ ಟೆಸ್ಟ್ ಬರೆದರೂ ಅಪಾಯ ತುಂಬಾ ಇಳಿಯುತ್ತದೆ ಅನ್ನುವ ಲೆಕ್ಕ. ಜಟಿಲತೆ 30 ದಾಟಿದರೆ ಎಷ್ಟು ಟೆಸ್ಟ್ ಬರೆದರೂ ಗಡಿಯೊಳಗೆ ಬರುವುದಿಲ್ಲ, ಒಡೆದು ಬರೆಯಲೇಬೇಕು.

ಅದರ ಜೊತೆ ಗಿಟ್ ಲಾಗ್ ನೋಡಿ. ಕಳೆದ ಆರು ತಿಂಗಳಲ್ಲಿ ಪದೇ ಪದೇ ಬದಲಾದ ಫೈಲ್ ಯಾವುದು? ಅಂಕವೂ ಜಾಸ್ತಿ, ಬದಲಾವಣೆಯೂ ಜಾಸ್ತಿ ಇರುವ ಫೈಲ್ ಮೊದಲು. ಐದು ವರ್ಷದಿಂದ ಯಾರೂ ಮುಟ್ಟದ ಕೆಂಪು ಫೈಲ್ ಇನ್ನೂ ಸ್ವಲ್ಪ ದಿನ ಕಾಯಬಹುದು.

ಮತ್ತೆ, ಎರರ್ ಹಿಡಿಯುವ ಬ್ಲಾಕ್‌ಗಳು. 2014ರ ಒಎಸ್‌ಡಿಐ ಸಮ್ಮೇಳನದಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಒಂದು ತಂಡ ಕಸಾಂಡ್ರ, ಎಚ್‌ಬೇಸ್, ಎಚ್‌ಡಿಎಫ್‌ಎಸ್, ಮ್ಯಾಪ್‌ರೆಡ್ಯೂಸ್, ರೆಡಿಸ್ ಅನ್ನುವ ಡೇಟಾ ವ್ಯವಸ್ಥೆಗಳಲ್ಲಿ ಗ್ರಾಹಕರು ವರದಿ ಮಾಡಿದ 198 ವೈಫಲ್ಯಗಳನ್ನು ಬಿಡಿಸಿ ನೋಡಿದ ಫಲಿತಾಂಶ ಮಂಡಿಸಿತು. ಭಾರಿ ಹಾನಿ ಮಾಡಿದ ವೈಫಲ್ಯಗಳಲ್ಲಿ ಶೇ 92ರಷ್ಟು, ಮಾರಕವಲ್ಲದ ಎರರ್ ಬಂದಾಗ ಅದನ್ನು ಸರಿಯಾಗಿ ನಿಭಾಯಿಸದೆ ಆದವು. ಭಾರಿ ಹಾನಿ ಮಾಡಿದವುಗಳಲ್ಲಿ ಶೇ 58ರಷ್ಟನ್ನು ಎರರ್ ಹ್ಯಾಂಡ್ಲಿಂಗ್ ಕೋಡ್‌ಗೆ ಸರಳ ಟೆಸ್ಟ್ ಬರೆದಿದ್ದರೆ ಹಿಡಿಯಬಹುದಿತ್ತು. ಖಾಲಿ ‘ಕ್ಯಾಚ್’, ಒಳಗೆ ಬರೀ ‘ಟುಡು’ (ಆಮೇಲೆ ಬರೆಯಬೇಕು ಅನ್ನುವ ಟಿಪ್ಪಣಿ) ಇರುವ ‘ಕ್ಯಾಚ್’ ಕೂಡ ಸಿಕ್ಕವು. ಹಾಗಾಗಿ ವರದಿ ತೆರೆದಾಗ ಮೊದಲು ಕಣ್ಣು ಹಾಯಿಸಬೇಕಾದ್ದು ‘ಎಕ್ಸೆಪ್ಟ್’, ‘ಕ್ಯಾಚ್’ ಕೆಳಗಿನ ಕೆಂಪಿನ ಮೇಲೆ. ಒಟ್ಟು ಶೇ 85 ಇದ್ದರೂ ಉಳಿದ 15ರಲ್ಲಿ ಇವೇ ಕೂತಿರಬಹುದು.

ಒಟ್ಟು ಶೇಕಡಾವಾರಿನ ಬಗ್ಗೆ ಒಂದು ಮಾತು. ಅದೇ 2014ರಲ್ಲಿ ವಾಟರ್ಲೂ ವಿಶ್ವವಿದ್ಯಾಲಯದ ಇಬ್ಬರು ಐದು ದೊಡ್ಡ ಜಾವಾ ಪ್ರಾಜೆಕ್ಟ್‌ಗಳಿಂದ 31,000 ಟೆಸ್ಟ್ ಗುಂಪುಗಳನ್ನು ಮಾಡಿ ನೋಡಿದರು. ಟೆಸ್ಟ್‌ಗಳ ಸಂಖ್ಯೆಯನ್ನು ಒಂದೇ ಇಟ್ಟು ಹೋಲಿಸಿದರೆ, ಕವರೇಜ್ ಏರಿದಷ್ಟೂ ಬಗ್ ಹಿಡಿಯುವ ಶಕ್ತಿ ಏರುತ್ತದೆ ಅನ್ನುವ ಸಂಬಂಧ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಅಂದಮೇಲೆ ಕವರೇಜನ್ನು ಹುಡುಕುವ ಟೂಲ್ ಆಗಿ ಬಳಸಿ. ಅಪ್ರೈಸಲ್ ನಂಬರ್ ಆಗಿ ಬೇಡ. ಹಾಗಂತ ಶೇ 100 ಅನ್ನುವುದು ಹುಚ್ಚು ಅಂತಲೂ ಅಲ್ಲ. ಎಸ್‌ಕ್ಯೂಲೈಟ್ ಬ್ರಾಂಚ್ ಮತ್ತು ಎಂಸಿ/ಡಿಸಿ ಎರಡರಲ್ಲೂ ಅದನ್ನು ಕಾಯ್ದುಕೊಂಡಿದೆ. ಅದಕ್ಕೆ ಕೊಟ್ಟ ಬೆಲೆಯೂ ನೋಡಿ: 3.42.0 ಆವೃತ್ತಿಯ ಹೊತ್ತಿಗೆ ಮೂಲ ಕೋಡ್‌ಗಿಂತ 590 ಪಟ್ಟು ಟೆಸ್ಟ್ ಕೋಡ್ ಇತ್ತು. ಕೋಟಿಗಟ್ಟಲೆ ಫೋನ್‌ಗಳಲ್ಲಿ ಓಡುವ ಡೇಟಾಬೇಸ್‌ಗೆ ಅದು ಸರಿ. ಆಫೀಸಿನ ರಜೆ ಅರ್ಜಿ ಆ್ಯಪ್‌ಗೆ?

ಕೆಂಪು ಸಾಲು ಸಿಕ್ಕ ಮೇಲೆ

ಸಿಕ್ಕ ಪ್ರತಿ ಕೆಂಪು ಸಾಲಿಗೂ ಟೆಸ್ಟ್ ಬರೆಯಬೇಕಿಲ್ಲ. ಕೆಲವು ಯಾರೂ ಬಳಸದ ಕೋಡ್. ಅನುಮಾನ ಇದ್ದರೆ ಪ್ರೊಡಕ್ಷನ್‌ನಲ್ಲೇ ಅಳೆಯಬಹುದು. ರೂಬಿ 2.6ರಿಂದ ‘ಒನ್‌ಶಾಟ್’ ಕವರೇಜ್ ಇದೆ. ಪ್ರತಿ ಸಾಲನ್ನು ಮೊದಲ ಸಲ ಓಡಿದಾಗ ಮಾತ್ರ ಗುರುತು ಹಾಕುವುದರಿಂದ ಭಾರ ಕಡಿಮೆ. ಗೋ 1.20ರಿಂದ ಇಡೀ ಪ್ರೋಗ್ರಾಮನ್ನೇ ಕವರೇಜ್ ಸಹಿತ ಬಿಲ್ಡ್ ಮಾಡಿ ಸ್ಟೇಜಿಂಗ್‌ನಲ್ಲಿ (ಪ್ರೊಡಕ್ಷನ್‌ಗೆ ಹೋಗುವ ಮೊದಲಿನ ಪ್ರಯೋಗದ ಸರ್ವರ್‌ನಲ್ಲಿ) ಓಡಿಸಬಹುದು. ಬೇರೆ ಭಾಷೆಗಳಲ್ಲಿ ಅನುಮಾನದ ಜಾಗದಲ್ಲಿ ಒಂದು ಲಾಗ್ ಸಾಲು ಹಾಕಿ ಕಾಯುವುದೇ ಸುಲಭ. ಆದರೆ ತಿಂಗಳ ಕೊನೆ, ಮಾರ್ಚ್ 31 ಇಂಥ ದಿನಗಳಲ್ಲಿ ಮಾತ್ರ ಓಡುವ ಕೋಡ್ ಇರುತ್ತದೆ. ಎರಡು ವಾರ ಕಾದು ಅಳಿಸಿಬಿಡಬೇಡಿ.

ಟೆಸ್ಟೂ ಇಲ್ಲ, ಪ್ರೊಡಕ್ಷನ್‌ನಲ್ಲೂ ಓಡುವುದಿಲ್ಲ ಅಂತಾದರೆ ಅಳಿಸಿ. ಕವರೇಜ್ ಏರಿಸಲು ಇದಕ್ಕಿಂತ ಪ್ರಾಮಾಣಿಕ ದಾರಿ ಇಲ್ಲ. ಪ್ರೊಡಕ್ಷನ್‌ನಲ್ಲಿ ಓಡುತ್ತದೆ, ಟೆಸ್ಟ್ ಇಲ್ಲ ಅಂದರೆ ಅದಕ್ಕೇ ಮೊದಲ ಟೆಸ್ಟ್. ನಿಜಕ್ಕೂ ಟೆಸ್ಟ್ ಮಾಡಲಾಗದ ಸಾಲುಗಳಿಗೆ ಕವರೇಜ್.ಪೈನಲ್ಲಿ ‘ನೋ ಕವರ್’ ಅಂತ ಕಾಮೆಂಟ್ ಹಾಕಬಹುದು. ಹಾಕುವಾಗ ಯಾಕೆ ಅಂತ ಪಕ್ಕದಲ್ಲೇ ಅರ್ಧ ಸಾಲು ಬರೆಯಿರಿ. ಕಾರಣ ಇಲ್ಲದ ‘ನೋ ಕವರ್’ ಎಷ್ಟಿವೆ ಅಂತ ಪ್ರತಿ ರಿಲೀಸ್‌ಗೆ ಮೊದಲು ಒಂದು ಗ್ರೆಪ್ ಹೊಡೆದು (ಕೋಡ್ ತುಂಬ ಆ ಪದ ಹುಡುಕಿ) ನೋಡಿ. ಶೇಕಡಾವಾರು ಏರುತ್ತಿದ್ದು ಇವೂ ಏರುತ್ತಿದ್ದರೆ, ಆ ಪಿಆರ್‌ಗಳನ್ನು ಮತ್ತೆ ತೆರೆದು ಓದಬೇಕು.